ಅಂಗಳ ಒಂದೇ, ಒಲೆ ಬೇರೆ: ಅದೇ ಹತ್ತು ಜನ ನಡೆಸುವ ಮೂರು ತಂತ್ರಜ್ಞಾನ ಗುಂಪುಗಳ ಗುರುತು ಬೆರೆಯದಂತೆ ನೋಡಿಕೊಳ್ಳುವುದು ಹೇಗೆ?

ಜಿಲ್ಲಾಕೇಂದ್ರ

ಒಂದು ಜಿಲ್ಲಾ ಕೇಂದ್ರ ಅಂದುಕೊಳ್ಳಿ. ಅಲ್ಲಿ ಒಂದು ವಿಕಿಪೀಡಿಯ ಗುಂಪು, ಒಂದು ಓಪನ್‌ಸ್ಟ್ರೀಟ್‌ಮ್ಯಾಪ್ (ಎಲ್ಲರೂ ಸೇರಿ ಮಾಡುವ ಮುಕ್ತ ನಕ್ಷೆ) ಗುಂಪು, ಒಂದು ಲಿನಕ್ಸ್ ಮತ್ತು ಮುಕ್ತ ತಂತ್ರಾಂಶದ ಗುಂಪು ಇವೆ. ಹೊರಗಿನಿಂದ ನೋಡಿದರೆ ಮೂರು, ಒಳಗೆ ಬಂದರೆ ಅದೇ ಹತ್ತು ಹನ್ನೆರಡು ಸ್ವಯಂಸೇವಕರು. ಕಾಲೇಜಿನವರು ವಿಕಿ ಕಾರ್ಯಾಗಾರ ಬೇಕು ಅಂತ ಕೇಳಿದರೆ ಉತ್ತರ ಹೋಗುವುದು ನಕ್ಷೆ ಗುಂಪಿನ ಇಮೇಲ್‌ನಿಂದ, ಪ್ರಕಟಣೆ ಬರುವುದು ಲಿನಕ್ಸ್ ಗುಂಪಿನ ಟೆಲಿಗ್ರಾಂನಲ್ಲಿ. ಮರುದಿನ ಪತ್ರಿಕೆಯಲ್ಲಿ ಅಚ್ಚಾಗುವುದು ಯಾರೂ ಇಟ್ಟಿರದ ನಾಲ್ಕನೇ ಹೆಸರು.

ಜನರನ್ನು ಬೇರೆ ಮಾಡುವ ಉದ್ದೇಶವಿಲ್ಲ, ಅದು ಆಗುವ ಕೆಲಸವೂ ಅಲ್ಲ. ಗುರುತು ಕಟ್ಟುನಿಟ್ಟಾಗಿ ಬೇರೆ ಇರಲೇಬೇಕಾದ ಜಾಗಗಳು ಯಾವುವು, ಬೆರೆತರೂ ನಡೆಯುವ ಜಾಗಗಳು ಯಾವುವು ಎಂಬುದು ಪ್ರಶ್ನೆ. ಖಾತೆ, ಲೋಗೋ, ಪರವಾನಗಿ, ದುಡ್ಡು, ಸದಸ್ಯರ ಪಟ್ಟಿ, ಹೇಳಿಕೆ ಎಲ್ಲದರ ಬಗ್ಗೆಯೂ ತಿಳಿದವರು ವಿವರವಾಗಿ ಬರೆಯಿರಿ.

ಹಳೇಸಂಪಾದಕ

ಗೊಂದಲ ಹುಟ್ಟುವುದು ಆಮಂತ್ರಣ ಪತ್ರಿಕೆಯ ಒಂದು ಸಾಲಿನಲ್ಲಿ: "ಇವರ ಸಂಯುಕ್ತ ಆಶ್ರಯದಲ್ಲಿ". ನಮ್ಮ ಕಡೆ ಈ ಸಾಲಿಲ್ಲದೆ ಕಾರ್ಯಕ್ರಮವೇ ಇಲ್ಲ. ಅದರ ಕೆಳಗೆ ನಾಲ್ಕು ಹೆಸರು ಬಂದರೆ ಹೊಣೆ ಯಾರದ್ದು ಅಂತ ಓದುವವರಿಗೂ ತಿಳಿಯುವುದಿಲ್ಲ, ಬರೆದವರಿಗೂ ತಿಳಿದಿರುವುದಿಲ್ಲ. ಆ ಸಾಲನ್ನು ಬಿಟ್ಟು ಮೂರು ಪದ ಬಳಸಿ, ಮೂರಕ್ಕೂ ಅರ್ಥ ಗಟ್ಟಿ ಮಾಡಿಕೊಳ್ಳಿ.

"ಆಯೋಜನೆ" ಎಂದರೆ ನೋಂದಣಿ, ಖರ್ಚು, ದೂರು, ವರದಿ ಈ ನಾಲ್ಕಕ್ಕೂ ಹೊಣೆ ಹೊರುವ ಒಂದೇ ಒಂದು ಗುಂಪು. ಇಲ್ಲಿ ಎರಡನೇ ಹೆಸರು ಬರಬಾರದು. "ಸಂಪನ್ಮೂಲ ವ್ಯಕ್ತಿಗಳ ನೆರವು" ಎಂದರೆ ಕಲಿಸಲು ಬರುವವರನ್ನು ಕೊಟ್ಟ ಗುಂಪು. "ಸ್ಥಳ" ಎಂದರೆ ಕಾಲೇಜು ಅಥವಾ ಗ್ರಂಥಾಲಯ. ಲಿನಕ್ಸ್ ಗುಂಪಿನವರು ವಿಕಿ ಕಾರ್ಯಾಗಾರಕ್ಕೆ ಬಂದು ವಿದ್ಯಾರ್ಥಿಗಳ ಲ್ಯಾಪ್‌ಟಾಪಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಟ್ಟರೆ ಅವರ ಹೆಸರು ಎರಡನೇ ಸಾಲಿಗೆ ಹೋಗಬೇಕು, ಮೊದಲನೆಯದಕ್ಕಲ್ಲ. ಪತ್ರಿಕೆಗೆ ಕಳಿಸುವ ಟಿಪ್ಪಣಿಯ ಮೊದಲ ವಾಕ್ಯದಲ್ಲೂ ಆಯೋಜಕ ಗುಂಪಿನ ಪೂರ್ಣ ಹೆಸರೊಂದೇ ಇರಲಿ. ವರದಿಗಾರರು ಕತ್ತರಿಸುವುದು ಕೊನೆಯಿಂದ, ಆದ್ದರಿಂದ ಮೊದಲ ವಾಕ್ಯ ಉಳಿಯುತ್ತದೆ.

ಲೋಗೋ ವಿಚಾರದಲ್ಲಿ ಬಹಳ ಜನ ಹಕ್ಕುಸ್ವಾಮ್ಯವನ್ನೂ ವ್ಯಾಪಾರಚಿಹ್ನೆಯನ್ನೂ ಒಂದೇ ಅಂದುಕೊಳ್ಳುತ್ತಾರೆ. ವಿಕಿಪೀಡಿಯದ ಗೋಳ 2014ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ ನಿಜ, ಆದರೆ ಅದು ಇಂದಿಗೂ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ನಿನ ವ್ಯಾಪಾರಚಿಹ್ನೆ. ಸಂಪಾದನೋತ್ಸವಕ್ಕೆ (ಒಟ್ಟಿಗೆ ಕೂತು ಲೇಖನ ಬರೆಯುವ ಕಾರ್ಯಕ್ರಮ), ಪರಿಚಯ ಕಾರ್ಯಕ್ರಮಕ್ಕೆ ಪ್ರತ್ಯೇಕ ಅನುಮತಿ ಕೇಳದೆ ಬಳಸಬಹುದು. ಅದನ್ನು ಅಚ್ಚು ಹಾಕಿದ ಟೀಶರ್ಟನ್ನು ದುಡ್ಡಿಗೆ ಮಾರಲು ಅನುಮತಿ ಬೇಕು. ಗೋಳವನ್ನೂ ಲಿನಕ್ಸಿನ ಪೆಂಗ್ವಿನ್ನನ್ನೂ ಬೆಸೆದು ಊರಿನದ್ದೇ ಹೊಸ ಲೋಗೋ ಮಾಡುವ ಆಸೆ ಎಲ್ಲ ಕಡೆ ಬರುತ್ತದೆ. ಮಾಡಬೇಡಿ. ಅದು ಚಿಹ್ನೆಯನ್ನು ತಿರುಚಿದಂತಾಗುತ್ತದೆ, ಮೇಲಾಗಿ ಇಲ್ಲದ ಸಂಸ್ಥೆಯೊಂದು ಇದ್ದಂತೆ ಕಾಣುತ್ತದೆ.

ವೇದಿಕೆಯ ಹಿಂದೆ ಏಳು ಲೋಗೋ ತುಂಬಿದ ಒಂದೇ ಫ್ಲೆಕ್ಸ್ ಬೇಡ. ಒಂದೊಂದು ಗುಂಪಿಗೂ ಒಂದೊಂದು ಸುರುಳಿ ಸ್ಟ್ಯಾಂಡಿ ಮಾಡಿಸಿ, ಆರು ಅಡಿ ಎತ್ತರ, ಎರಡೂವರೆ ಅಡಿ ಅಗಲದ್ದು. ದಿನಾಂಕ, ಕಾರ್ಯಕ್ರಮದ ಹೆಸರು ಅದರಲ್ಲಿ ಬರುವುದೇ ಬೇಡ, ವರ್ಷಗಟ್ಟಲೆ ಬಳಸಬಹುದು. ಆಯೋಜಕರದ್ದು ವೇದಿಕೆಯ ಮೇಲೆ, ಉಳಿದದ್ದು ಬಾಗಿಲ ಬಳಿ ನಿಲ್ಲಲಿ.

ಖಾತೆಯ ಬಗ್ಗೆ: ಗುಂಪಿನ ಹೆಸರಲ್ಲಿ ವಿಕಿಪೀಡಿಯ ಖಾತೆ ತೆರೆದು ಐದು ಜನ ಒಂದೇ ಪಾಸ್‌ವರ್ಡ್ ಹಂಚಿಕೊಳ್ಳುವುದು ಸಲ್ಲದು. ಖಾತೆ ಎಂದರೆ ಒಬ್ಬ ವ್ಯಕ್ತಿ. ವಿಕಿಮೀಡಿಯದ ಚಿತ್ರಭಂಡಾರ ಕಾಮನ್ಸ್‌ನಲ್ಲಿ ಸಂಸ್ಥೆಯ ಹೆಸರಿನ ಖಾತೆಗೆ ಅವಕಾಶವಿದೆ, ಅದೂ ಪರಿಶೀಲನೆ ಮಾಡಿಸಿಕೊಂಡ ಮೇಲೆ. ಗುಂಪಿನ ಕೆಲಸವನ್ನು ಲೆಕ್ಕ ಹಿಡಿಯಲು ಕಾರ್ಯಕ್ರಮದ ಡ್ಯಾಶ್‌ಬೋರ್ಡ್ ಇದೆ. ಎಲ್ಲರೂ ತಮ್ಮ ತಮ್ಮ ಖಾತೆಯಿಂದಲೇ ಸೇರಿಕೊಂಡರೆ ಸಾಕು. ಇನ್ನೊಂದು ಮಾತು, ಒಂದು ಐಪಿ ವಿಳಾಸದಿಂದ ದಿನಕ್ಕೆ ಆರು ಹೊಸ ಖಾತೆ ಮಾತ್ರ ತೆರೆಯಲಾಗುತ್ತದೆ. ಕಾಲೇಜಿನ ವೈಫೈನಲ್ಲಿ 40 ಜನ ಕೂತರೆ ಏಳನೆಯವರಿಗೆ ಬಾಗಿಲು ಮುಚ್ಚುತ್ತದೆ. ಆಗ ಗಾಬರಿಯಲ್ಲಿ "ಇರುವ ಖಾತೆಯಿಂದಲೇ ಎಲ್ಲರೂ ಬರೆಯಿರಿ" ಅನ್ನುವವರಿದ್ದಾರೆ, ಹಂಚಿಕೊಂಡ ಖಾತೆಗಳು ಹುಟ್ಟುವುದೇ ಹೀಗೆ. ಮೊದಲೇ ವಿನಾಯಿತಿ ಕೇಳಿ, ಇಲ್ಲವೇ ಮನೆಯಿಂದಲೇ ಖಾತೆ ತೆರೆದುಕೊಂಡು ಬರಲು ಹೇಳಿ.

ನಕ್ಷೆಮೇಜು

ನಕ್ಷೆ ಕಡೆಯ ನಿಯಮ ಇನ್ನೂ ಸ್ಪಷ್ಟವಾಗಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಫೌಂಡೇಶನ್ 2018ರಲ್ಲಿ ಸಂಘಟಿತ ಸಂಪಾದನೆಗೆ ಮಾರ್ಗಸೂಚಿ ತಂದಿತು. ಯಾರೋ ನಿರ್ದೇಶಿಸಿ, ಹಲವರು ಸೇರಿ, ದೊಡ್ಡ ಪ್ರಮಾಣದಲ್ಲಿ ಮಾಡುವ ಕೆಲಸಕ್ಕೆಲ್ಲ ಅದು ಅನ್ವಯ. ತರಗತಿಯಲ್ಲಿ ಕೊಟ್ಟ ಅಸೈನ್‌ಮೆಂಟೂ ಸೇರುತ್ತದೆ. ಗೆಳೆಯರು ನಾಲ್ಕು ಜನ ಭಾನುವಾರ ಬೀದಿ ಸುತ್ತಿ ಅಂಗಡಿ ಗುರುತಿಸಿದರೆ ಅದಕ್ಕೆ ಇದು ಅನ್ವಯಿಸುವುದಿಲ್ಲ.

ಮಾಡಬೇಕಾದದ್ದಿಷ್ಟು: ಓಪನ್‌ಸ್ಟ್ರೀಟ್‌ಮ್ಯಾಪ್‌ನದ್ದೇ (ಓಎಸ್‌ಎಂ) ವಿಕಿಯಲ್ಲಿ ಒಂದು ಪುಟ. ಅದರಲ್ಲಿ ಯಾವ ಗುಂಪು, ಯಾವ ಪ್ರದೇಶ, ಯಾವ ಅವಧಿ, ಯಾವ ಮಾಹಿತಿ ಮೂಲ, ಭಾಗವಹಿಸುವವರ ಖಾತೆಗಳು, ತೊಂದರೆಯಾದರೆ ಯಾರನ್ನು ಕೇಳಬೇಕು, ಮತ್ತು ಒಂದು ಹ್ಯಾಶ್‌ಟ್ಯಾಗ್. ಕೆಲಸ ಶುರುವಾಗುವುದಕ್ಕೆ ಎರಡು ವಾರ ಮೊದಲೇ ಪುಟ ಸಿದ್ಧವಿದ್ದರೆ ಬೇರೆ ಸಂಪಾದಕರಿಗೆ ಓದಿ ಕೇಳಲು ಸಮಯ ಸಿಗುತ್ತದೆ. ಬದಲಾವಣೆ ಉಳಿಸುವಾಗ ಟಿಪ್ಪಣಿಯಲ್ಲಿ ಆ ಹ್ಯಾಶ್‌ಟ್ಯಾಗ್ ಬರಬೇಕು. ಇದೇ ನಿಮ್ಮ ಗುಂಪಿನ ಗುರುತು. ಲಿನಕ್ಸ್ ಗುಂಪಿನ ಹ್ಯಾಶ್‌ಟ್ಯಾಗ್ ಇಲ್ಲಿ ಹಾಕಬೇಡಿ. ಯಾರೋ ತಪ್ಪಾಗಿ ಕೆರೆಯನ್ನು ಅಳಿಸಿದಾಗ ಪ್ರಶ್ನೆ ಹೋಗುವುದು ಆ ಟ್ಯಾಗಿನವರಿಗೆ, ಅವರಿಗೆ ಆ ವಿಷಯವೇ ಗೊತ್ತಿರುವುದಿಲ್ಲ. ಬೇರೆ ಕಡೆಯ ದತ್ತಾಂಶವನ್ನು ಸಗಟಾಗಿ ತಂದು ಸೇರಿಸುವುದಾದರೆ ಅದಕ್ಕೇ ಬೇರೆ ಖಾತೆ ಬೇಕು, ನಿಮ್ಮ ದಿನನಿತ್ಯದ ಖಾತೆಯಿಂದಲ್ಲ. ಹಿಂತೆಗೆಯಬೇಕಾಗಿ ಬಂದರೆ ಆ ಖಾತೆಯದ್ದಷ್ಟನ್ನೇ ತೆಗೆಯಬಹುದು.

ನನ್ನ ಲೆಕ್ಕದಲ್ಲಿ ನಿಜವಾದ ಅಪಾಯ ಲೋಗೋದಲ್ಲಿಲ್ಲ, ಪರವಾನಗಿಯಲ್ಲಿದೆ. ವಿಕಿಪೀಡಿಯದ ಬರಹ 2023ರಿಂದ ಸಿಸಿ ಬೈ-ಎಸ್‌ಎ 4.0, ಅಂದರೆ ಮೂಲ ಹೇಳಿ ಅದೇ ಪರವಾನಗಿಯಲ್ಲೇ ಹಂಚಬೇಕು. ವಿಕಿಮೀಡಿಯದ ದತ್ತಾಂಶ ಭಂಡಾರ ವಿಕಿಡೇಟಾ ಸಿಸಿ ಝೀರೋ, ಯಾವ ಷರತ್ತೂ ಇಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ 2012ರಿಂದ ಓಡಿಬಿಎಲ್, ಮೂಲ ಹೇಳಬೇಕು, ಅದರಿಂದ ಮಾಡಿದ ದತ್ತಾಂಶವನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಅದೇ ಮನುಷ್ಯ ಬೆಳಿಗ್ಗೆ ನಕ್ಷೆ, ಮಧ್ಯಾಹ್ನ ವಿಕಿಡೇಟಾ ಮಾಡುವಾಗ "ಎಲ್ಲಾ ನಮ್ಮದೇ ಅಲ್ವಾ" ಅಂತ ಅಕ್ಷಾಂಶ ರೇಖಾಂಶಗಳನ್ನು ಸಾಲುಸಾಲಾಗಿ ನಕಲಿಸುತ್ತಾನೆ. ಓಡಿಬಿಎಲ್ ದತ್ತಾಂಶವನ್ನು ಸಿಸಿ ಝೀರೋಗೆ ಸುರಿಯುವ ಹಾಗಿಲ್ಲ. ತಿರುಗಿ ತರುವುದೂ ಸಲೀಸಲ್ಲ. ವಿಕಿಯಲ್ಲಿರುವ ಎಷ್ಟೋ ಸ್ಥಾನಸೂಚಿಗಳು ಗೂಗಲ್ ನಕ್ಷೆಯಿಂದ ತೆಗೆದವು, ಅಂಥ ಮೂಲವನ್ನು ಓಎಸ್‌ಎಂ ಒಪ್ಪುವುದಿಲ್ಲ.

ದಾರಿ ಇದೆ. ಊರಿನ ಕೆರೆಗಳ ಸಮೀಕ್ಷೆಯನ್ನು ಎರಡೂ ಗುಂಪು ಸೇರಿ ಮಾಡುವುದಾದರೆ, ಜಾಗಕ್ಕೆ ಹೋಗಿ ಬರೆದುಕೊಂಡ ಮೂಲ ಟಿಪ್ಪಣಿಯನ್ನು ಒಂದು ಪ್ರತ್ಯೇಕ ಕಡತದಲ್ಲಿಡಿ. ಎಲ್ಲಿಗೂ ಏರಿಸುವ ಮೊದಲೇ, ಬರೆದವರೆಲ್ಲರ ಒಪ್ಪಿಗೆ ಪಡೆದು ಅದರ ಮೇಲೆ ಸಿಸಿ ಝೀರೋ ಎಂದು ನಮೂದಿಸಿ. ಆಮೇಲೆ ಆ ಕಡತದಿಂದ ನೇರವಾಗಿ ನಕ್ಷೆಗೆ, ಆ ಕಡತದಿಂದಲೇ ನೇರವಾಗಿ ವಿಕಿಡೇಟಾಗೆ. ನಕ್ಷೆಯಿಂದ ವಿಕಿಡೇಟಾಗೆ ಹೋಗಬೇಡಿ, ಏಕೆಂದರೆ ನಕ್ಷೆಗೆ ಹೋದ ಮೇಲೆ ಬೇರೆಯವರ ಕೈಯೂ ಅದರಲ್ಲಿ ಸೇರಿರುತ್ತದೆ. ಎರಡನ್ನೂ ಜೋಡಿಸಲು ನಕ್ಷೆಯಲ್ಲಿ ವಿಕಿಡೇಟಾದ ಕ್ಯೂ ಸಂಖ್ಯೆ (ಪ್ರತಿ ವಿಷಯಕ್ಕೂ ಅಲ್ಲಿ ಕೊಡುವ ಗುರುತಿನ ಸಂಖ್ಯೆ) ಹಾಕಿ, ಅದಕ್ಕೆ ಅಡ್ಡಿಯಿಲ್ಲ.

ನಕ್ಷೆ ಅಚ್ಚು ಹಾಕಿದಾಗ ಕೆಳಗೆ "ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು" ಎಂದೇ ಬರಬೇಕು. "ನಕ್ಷೆ ಕೃಪೆ: ನಮ್ಮೂರಿನ ಗುಂಪು" ಎಂದು ಬರೆಯುವುದು ಬೇರೆಯವರ ದುಡಿಮೆಯನ್ನು ನಮ್ಮ ಹೆಸರಿಗೆ ಬರೆದುಕೊಂಡಂತೆ. ವಿನ್ಯಾಸ ನಿಮ್ಮದಾದರೆ "ವಿನ್ಯಾಸ" ಅಂತ ಇನ್ನೊಂದು ಸಾಲು ಸೇರಿಸಿ.

ಸಣ್ಣಊರು

ಹೇಳಿದ್ದೆಲ್ಲ ಸರಿ, ಆದರೆ ಹತ್ತು ಜನರಿಗೆ ಮೂರು ಇಮೇಲ್, ಮೂರು ಸ್ಟ್ಯಾಂಡಿ, ಮೂರು ಲೆಕ್ಕ ಅಂದರೆ ಕೆಲಸಕ್ಕಿಂತ ಕಾಗದಪತ್ರವೇ ಹೆಚ್ಚಾಗುತ್ತದೆ. ಬೆಂಗಳೂರಿನಲ್ಲಿ ಒಂದೊಂದು ಗುಂಪಿಗೂ ನೂರಾರು ಜನ ಸಿಗಬಹುದು. ಸಣ್ಣ ಊರಿನಲ್ಲಿ ಹೊಸಬರು ಬರುವುದೇ "ಕಂಪ್ಯೂಟರ್ ಗೊತ್ತಿರುವವರು ಸೇರುವ ಜಾಗ" ಅಂತ. ಅವರಿಗೆ ವಿಕಿ ಯಾವುದು, ಲಿನಕ್ಸ್ ಯಾವುದು ಅಂತ ವ್ಯತ್ಯಾಸ ಮಾಡಿ ಹೇಳುತ್ತಾ ಕೂತರೆ ಮುಂದಿನ ವಾರ ಬರುವುದಿಲ್ಲ. ಎಲ್ಲ ಸೇರಿ ಒಂದೇ ಹೆಸರಿನ ಸಂಘ ಮಾಡಿಕೊಂಡರೆ ಆಗದೇ? ಏಳು ಜನ ಇದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿಯೂ ಆಗುತ್ತದೆ.

ಹಳೇಸಂಪಾದಕ

@ಸಣ್ಣಊರು ಸಂಘ ಮಾಡಿಕೊಳ್ಳಿ, ಬೇಡ ಅನ್ನುವುದಿಲ್ಲ. ಅದು ಮೂರರ ಬದಲಿಗೆ ಬರುವುದಿಲ್ಲ, ನಾಲ್ಕನೆಯದಾಗಿ ಬರುತ್ತದೆ. ಸಂಘದ ಬೈಲಾ ನಿಮ್ಮ ಕೈಯಲ್ಲಿದೆ. ವಿಕಿಮೀಡಿಯದ ಹೆಸರು, ನಕ್ಷೆಯ ಹೆಸರು ನಿಮ್ಮ ಕೈಯಲ್ಲಿಲ್ಲ. ಆ ಹೆಸರುಗಳನ್ನು ಬಳಸುವ ಅವಕಾಶ ಆಯಾ ಯೋಜನೆಯಿಂದ ಬಂದದ್ದು, ಹಿಂದಕ್ಕೂ ಹೋಗಬಹುದು. 2011ರಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದ ವಿಕಿಮೀಡಿಯ ಇಂಡಿಯಾ ಚಾಪ್ಟರಿನ (ಫೌಂಡೇಶನ್ ಮಾನ್ಯ ಮಾಡಿದ್ದ ಇಲ್ಲಿನ ಸಂಸ್ಥೆ) ಮಾನ್ಯತೆ 2019ರಲ್ಲಿ ಹೋಯಿತು. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ, ಚಾಪ್ಟರ್ ಬರುವ ಮೊದಲೂ ಇತ್ತು, ಆಮೇಲೂ ನಡೆಯುತ್ತಲೇ ಇದೆ. ಯೋಜನೆಯೂ ಸಂಸ್ಥೆಯೂ ಒಂದೇ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಕಿಲ್ಲ.

ಹೊಸಬರ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಹರಟೆ, ಕಲಿಕೆ, ಚಹಾ ಒಂದೇ ಕಡೆ ಇರಲಿ. ಅಂಗಳ ಒಂದೇ ಇದ್ದರೆ ನಷ್ಟವಿಲ್ಲ. ಒಲೆ ಮಾತ್ರ ಬೇರೆ ಇರಬೇಕು: ದುಡ್ಡು, ಪರವಾನಗಿ, ಖಾತೆ, ಗುಂಪಿನ ಹೆಸರಲ್ಲಿ ಆಡುವ ಮಾತು.

ಲೆಕ್ಕದಪುಸ್ತಕ

ದುಡ್ಡಿನ ಒಲೆ ಹೇಗೆ ಬೇರೆ ಮಾಡುವುದು ಅಂತ ಹೇಳುತ್ತೇನೆ.

ಮೊದಲ ನಿಯಮ, ಒಂದು ಬಿಲ್ಲಿಗೆ ಒಂದೇ ಹೆಸರು. ಜಂಟಿ ಕಾರ್ಯಕ್ರಮಕ್ಕೆ ಸಭಾಂಗಣ 6,000 ರೂಪಾಯಿ, 40 ಜನರ ಊಟ 120 ರೂಪಾಯಿಯಂತೆ 4,800 ಆಯಿತು ಅನ್ನೋಣ. 10,800ನ್ನು ಅರ್ಧ ಅರ್ಧ ಮಾಡಿ ಎರಡೂ ಗುಂಪಿನ ಕಡತದಲ್ಲಿ ಒಂದೇ ಬಿಲ್ಲಿನ ಜೆರಾಕ್ಸ್ ಇಡಬೇಡಿ. ಸಭಾಂಗಣ ಒಂದು ಗುಂಪಿನದ್ದು, ಊಟ ಇನ್ನೊಂದರದ್ದು ಅಂತ ಮೊದಲೇ ಹಂಚಿಕೊಳ್ಳಿ, ಬಿಲ್ಲನ್ನೂ ಆಯಾ ಹೆಸರಿಗೇ ಬರೆಸಿ. ಮೊತ್ತ ಸಮನಾಗದಿದ್ದರೂ ಪರವಾಗಿಲ್ಲ, ಮುಂದಿನ ಸಲ ಅದಲುಬದಲು ಮಾಡಿ. ಜೆರಾಕ್ಸ್ ಪದ್ಧತಿಯಲ್ಲಿ ಆಗುವ ತಪ್ಪು ಇದು: ಒಂದು ವರ್ಷದ ನಂತರ ಎರಡೂ ಖಜಾಂಚಿಗಳು ಅದೇ ಬಿಲ್ಲಿನ ಪೂರ್ಣ ಮೊತ್ತವನ್ನು ತಮ್ಮ ತಮ್ಮ ಅನುದಾನದ ಲೆಕ್ಕಕ್ಕೆ ಬರೆದಿರುತ್ತಾರೆ. ಕದಿಯುವ ಮನಸ್ಸು ಯಾರಿಗೂ ಇರುವುದಿಲ್ಲ, ಆದರೆ ಲೆಕ್ಕಪರಿಶೋಧಕರ ಕಣ್ಣಿಗೆ ಅದು ಎರಡು ಸಲ ಪಡೆದ ದುಡ್ಡು. ಮೂಲ ಬಿಲ್ಲಿನ ಮೇಲೆಯೇ "ಇಂಥ ಗುಂಪಿನ ಇಂಥ ಅನುದಾನದಿಂದ ಪಾವತಿಯಾಗಿದೆ" ಎಂದು ಮೊಹರು ಹೊಡೆದು ದಿನಾಂಕ ಹಾಕಿ.

ಎರಡನೆಯದು ವಿದೇಶಿ ದೇಣಿಗೆ. ವಿಕಿಮೀಡಿಯ ಫೌಂಡೇಶನ್ ಅಮೆರಿಕದ ಸಂಸ್ಥೆ. ಅಲ್ಲಿಂದ ಇಲ್ಲಿನ ಸಂಸ್ಥೆಗೆ ಬರುವ ಅನುದಾನ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ), 2010ರ ವ್ಯಾಪ್ತಿಗೆ ಬರುತ್ತದೆ. 2020ರ ತಿದ್ದುಪಡಿಯ ನಂತರ ಆ ಕಾಯ್ದೆಯ 7ನೇ ವಿಧಿಯಂತೆ, ಹೀಗೆ ಪಡೆದ ದುಡ್ಡನ್ನು ಇನ್ನೊಂದು ಸಂಸ್ಥೆಗೆ ಅಥವಾ ವ್ಯಕ್ತಿಗೆ ವರ್ಗಾಯಿಸುವಂತಿಲ್ಲ, ಆ ಕಡೆಯವರಿಗೂ ನೋಂದಣಿ ಇದೆ ಅಂದರೂ ಅವಕಾಶವಿಲ್ಲ. ದುಡ್ಡು ಬಂದು ಬೀಳುವುದೂ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. "ಅವರ ಅನುದಾನದಿಂದ ನಮ್ಮ ಗುಂಪಿಗೆ ಐದು ಸಾವಿರ ಹಾಕಿಬಿಡಿ, ನಾವು ನೋಡ್ಕೋತೀವಿ" ಅನ್ನುವ ಮಾತು ಅಲ್ಲಿಗೇ ನಿಲ್ಲಬೇಕು. ಅನುದಾನ ಪಡೆದ ಸಂಸ್ಥೆ ತನ್ನ ಪಾಲಿನ ಖರ್ಚನ್ನು ನೇರವಾಗಿ ಅಂಗಡಿಗೆ, ಅಡುಗೆಯವರಿಗೆ, ಸಭಾಂಗಣಕ್ಕೆ ಕೊಡಬೇಕು. ಅಂಗಳ ಎಷ್ಟೇ ಒಂದಾಗಿದ್ದರೂ ಇಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

ನೋಂದಣಿ ಇಲ್ಲದ ಗುಂಪು ಶುಲ್ಕವನ್ನು ಯಾರದೋ ವೈಯಕ್ತಿಕ ಯುಪಿಐಗೆ ಹಾಕಿಸಿಕೊಳ್ಳುತ್ತದೆ. ಮೂರು ಗುಂಪಿಗೂ ಅದೇ ಕ್ಯೂಆರ್ ಆದರೆ ಆರು ತಿಂಗಳಲ್ಲಿ ಯಾವ 100 ರೂಪಾಯಿ ಯಾವುದರದ್ದು ಅಂತ ಹೇಳಲಾಗುವುದಿಲ್ಲ. ನೋಂದಣಿ ಇಲ್ಲದ ಕೂಟಕ್ಕೂ ಬ್ಯಾಂಕ್ ಖಾತೆ ತೆರೆಯಲು ಆರ್‌ಬಿಐ ನಿಯಮದಲ್ಲಿ ದಾರಿಯಿದೆ: ಕಾರ್ಯಕಾರಿ ಮಂಡಳಿಯ ನಿರ್ಣಯ, ಪ್ಯಾನ್ ಅಥವಾ ಫಾರ್ಮ್ 60, ಖಾತೆ ನಡೆಸುವವರಿಗೆ ಕೊಟ್ಟ ಅಧಿಕಾರಪತ್ರ ಮತ್ತು ಅವರ ಗುರುತಿನ ದಾಖಲೆ. ಶಾಖೆಯಲ್ಲಿ ಮೊದಲು ಆಗಲ್ಲ ಅನ್ನಬಹುದು, ನಿರ್ಣಯದ ಪ್ರತಿ ಕೈಯಲ್ಲಿಟ್ಟುಕೊಂಡು ಕೇಳಿ. ಅದಾಗುವವರೆಗೆ ಪಾವತಿಯ ಟಿಪ್ಪಣಿಯಲ್ಲಿ ಗುಂಪಿನ ಎರಡಕ್ಷರದ ಸಂಕೇತ ಕಡ್ಡಾಯ ಮಾಡಿ, ಪ್ರತಿ ತಿಂಗಳ ಕೊನೆಗೆ ಮೂರು ಪಟ್ಟಿಗೆ ಬಿಡಿಸಿ ಬರೆಯಿರಿ.

ಸರ್ವರ್‌ಕೋಣೆ

ಖಾತೆ, ಇಮೇಲ್, ಗಿಟ್ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ಬಗ್ಗೆ.

ಗುಂಪಿನ ಇಮೇಲ್ ಯಾರದೋ ಜಿಮೇಲ್‌ಗೆ ರವಾನೆಯಾಗುವಂತೆ ಇಡುವುದು ಎಲ್ಲ ಕಡೆ ಇದೆ. ಉತ್ತರ ತಪ್ಪು ಹೆಸರಿನಿಂದ ಹೋಗಲು ಕಾರಣ ಒಂದು ಸಣ್ಣ ಸೆಟ್ಟಿಂಗ್. ಜಿಮೇಲ್ ಹೊಸದರಲ್ಲಿ ಮೂಲ ವಿಳಾಸದಿಂದಲೇ ಉತ್ತರಿಸುತ್ತದೆ. ಖಾತೆಗಳ ಸೆಟ್ಟಿಂಗಿನಲ್ಲಿ "ಪತ್ರ ಯಾವ ವಿಳಾಸಕ್ಕೆ ಬಂದಿದೆಯೋ ಅದರಿಂದಲೇ ಉತ್ತರಿಸು" ಎಂಬ ಆಯ್ಕೆಯನ್ನು ಒತ್ತಿ. ಇಷ್ಟಕ್ಕೆ ಅರ್ಧ ಸಮಸ್ಯೆ ಮುಗಿಯುತ್ತದೆ. ಉಳಿದರ್ಧ, ಆ ವಿಳಾಸದಿಂದ ಕಳಿಸುವಾಗ ಗುಂಪಿನ ಡೊಮೇನಿನದ್ದೇ ಎಸ್‌ಎಂಟಿಪಿ (ಪತ್ರ ಹೊರಕಳಿಸುವ) ಸರ್ವರ್ ಮೂಲಕ ಕಳಿಸಿ. ಇಲ್ಲವಾದರೆ ಸಹಿ ಜಿಮೇಲ್‌ನದ್ದು, ಹೆಸರು ಗುಂಪಿನದ್ದು ಆಗಿ ಕಳಿಸಿದವರ ಗುರುತು ನೋಡುವ ಡಿಮಾರ್ಕ್ ಪರೀಕ್ಷೆಯಲ್ಲಿ ಬಿದ್ದು ಪತ್ರ ಕಸದ ಬುಟ್ಟಿ ಸೇರುತ್ತದೆ. 2024ರ ಫೆಬ್ರವರಿಯಿಂದ ಗೂಗಲ್ ಇದರಲ್ಲಿ ಇನ್ನಷ್ಟು ಬಿಗಿ.

ಡೊಮೇನ್ ಯಾವತ್ತೂ ಗುಂಪಿನ ವಿಳಾಸಕ್ಕೆ ನೋಂದಣಿಯಾಗಲಿ, ಆದರೆ ಅದೇ ಡೊಮೇನಿನ ವಿಳಾಸಕ್ಕಲ್ಲ. ಡೊಮೇನ್ ಅವಧಿ ಮುಗಿದ ದಿನ ಆ ಇಮೇಲೂ ಸಾಯುತ್ತದೆ, ಆಮೇಲೆ ಬರುವ ನವೀಕರಣದ ಎಚ್ಚರಿಕೆ ಯಾರಿಗೂ ಸಿಗುವುದಿಲ್ಲ. ಮೂರು ಗುಂಪಿಗೆ ಒಂದೇ ಡೊಮೇನ್ ಕೊಂಡು ಉಪವಿಳಾಸ ಹಂಚುವುದೂ ಬೇಡ. ಒಂದು ಗುಂಪು ನಿಂತುಹೋದರೆ ಉಳಿದೆರಡರ ವಿಳಾಸವೂ ಅದರ ಬಾಲ ಹಿಡಿಯುತ್ತದೆ.

ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಗುಂಪಿಗೊಂದು ಖಾತೆ ತೆರೆಯಬೇಡಿ. ಒಬ್ಬರಿಗೆ ಒಂದೇ ಉಚಿತ ವೈಯಕ್ತಿಕ ಖಾತೆ ಅಂತ ಅವರ ನಿಯಮದಲ್ಲೇ ಇದೆ. ಗುಂಪಿಗೊಂದು "ಆರ್ಗನೈಸೇಶನ್" ಮಾಡಿ, ಪ್ರತಿಯೊಂದಕ್ಕೂ ಕನಿಷ್ಠ ಇಬ್ಬರು ಓನರ್ ಇರಲಿ, ಆ ಜೋಡಿ ಮೂರರಲ್ಲೂ ಒಂದೇ ಆಗದಿರಲಿ.

ನಿಮ್ಮ ಯಂತ್ರದಲ್ಲಿ: ಗಿಟ್‌ನ ಸಾರ್ವತ್ರಿಕ ಸಂರಚನೆಯಲ್ಲಿ ಇಮೇಲ್ ಬರೆಯಲೇಬೇಡಿ. ಬದಲಿಗೆ "ಯೂಸ್‌ಕಾನ್ಫಿಗ್‌ಓನ್ಲಿ" ಆಯ್ಕೆಯನ್ನು ಟ್ರೂ ಮಾಡಿ. ಆಗ ಗುರುತು ಹೇಳದ ಕಡತಕೋಶದಲ್ಲಿ ಕಮಿಟ್ (ಬದಲಾವಣೆಯ ದಾಖಲು) ಆಗುವುದೇ ಇಲ್ಲ, ಊಹಿಸಿಕೊಂಡು ಯಾವುದೋ ಹೆಸರು ಹಾಕುವುದಿಲ್ಲ. ಆಮೇಲೆ ಗುಂಪಿಗೊಂದು ಕೋಶ, ಅದಕ್ಕೊಂದು "ಇನ್‌ಕ್ಲೂಡ್‌ಇಫ್" ಸಾಲು, ಅದರೊಳಗೆ ಆ ಗುಂಪಿನ ಕೆಲಸಕ್ಕೆ ಬಳಸುವ ಇಮೇಲ್. ಕೋಶದ ಹೆಸರಿನ ಕೊನೆಗೆ ಓರೆಗೀಟು ಮರೆಯಬೇಡಿ. ಅದಿಲ್ಲದಿದ್ದರೆ ಒಳಗಿನ ಕೋಶಗಳಿಗೆ ಅನ್ವಯವಾಗುವುದಿಲ್ಲ, ದೋಷಸಂದೇಶವೂ ಬರುವುದಿಲ್ಲ. ಕಮಿಟನ್ನು ಸರ್ವರ್‌ಗೆ ತಳ್ಳಿದ ಮೇಲೆ ತಪ್ಪು ಇಮೇಲ್ ಸರಿಪಡಿಸಬೇಕೆಂದರೆ ಇತಿಹಾಸವನ್ನೇ ತಿರುಗಿ ಬರೆಯಬೇಕು. ಅಷ್ಟು ಬೇಡವೆಂದರೆ "ಮೇಲ್‌ಮ್ಯಾಪ್" ಕಡತದಲ್ಲಿ ಹಳೆಯದರ ಎದುರು ಹೊಸದನ್ನು ಬರೆಯಿರಿ, ತೋರಿಸುವಾಗಲಾದರೂ ಸರಿ ಹೋಗುತ್ತದೆ.

ಎಸ್‌ಎಸ್‌ಎಚ್ ಕೀಲಿ (ಪಾಸ್‌ವರ್ಡ್ ಬದಲು ಸರ್ವರ್‌ಗೆ ಗುರುತು ತೋರಿಸುವ ಕಡತ) ಎರಡು ಮೂರು ಇರುವವರು, ಪ್ರತಿ ಹೋಸ್ಟ್ ಅಡಿಯಲ್ಲಿ "ಐಡೆಂಟಿಟೀಸ್‌ಓನ್ಲಿ ಯೆಸ್" ಹಾಕಿ. ಇಲ್ಲದಿದ್ದರೆ ಕೀಲಿಗಳನ್ನು ನೋಡಿಕೊಳ್ಳುವ ಏಜೆಂಟ್ ತನ್ನ ಬಳಿ ಇರುವ ಕೀಲಿಗಳನ್ನು ಒಂದೊಂದಾಗಿ ತೋರಿಸುತ್ತದೆ, ಸರ್ವರ್ ತನಗೆ ಗೊತ್ತಿರುವ ಮೊದಲನೆಯದನ್ನೇ ಹಿಡಿದುಕೊಳ್ಳುತ್ತದೆ. ಕಚೇರಿಯ ಕೀಲಿಯೇ ಮುಂದೆ ಬಂದರೆ ಸ್ವಯಂಸೇವೆಯ ಕೆಲಸ ಕಚೇರಿಯ ಖಾತೆಯಿಂದ ಹೋಗುತ್ತದೆ.

ಬ್ರೌಸರಿನಲ್ಲಿ ಫೈರ್‌ಫಾಕ್ಸ್ ಕಂಟೇನರುಗಳು (ಖಾತೆಗಳನ್ನು ಬೇರೆ ಬೇರೆ ಇಡುವ ಬಣ್ಣದ ಟ್ಯಾಬುಗಳು) ಸಾಕು. ಗುಂಪಿಗೊಂದು ಬಣ್ಣ ಇರಲಿ. ಟ್ಯಾಬಿನ ಬಣ್ಣ ನೋಡಿ ಬರೆಯುವುದು ಅಭ್ಯಾಸವಾಗುತ್ತದೆ.

ಪಿಒಕಡತ

ಅನುವಾದದ ಕಡೆಯನ್ನು ಯಾರೂ ಮುಟ್ಟಲಿಲ್ಲ. ಅಲ್ಲಿ "ಕನ್ನಡ ತಂಡ" ಅನ್ನುವ ಒಂದೇ ಹೆಸರು ನಾಲ್ಕು ಕಡೆ ಇದೆ. ಫೈರ್‌ಫಾಕ್ಸ್ ಮಾಡುವ ಮೊಝಿಲ್ಲಾಗೆ ಪಾಂಟೂನ್ ಎಂಬ ಅನುವಾದ ತಾಣದಲ್ಲಿ, ಲಿನಕ್ಸ್ ಡೆಸ್ಕ್‌ಟಾಪ್ ಗ್ನೋಮ್‌ಗೆ ಡ್ಯಾಮ್ಡ್ ಲೈಸ್‌ನಲ್ಲಿ, ಲಿಬ್ರೆಆಫೀಸ್‌ಗೆ ವೆಬ್ಲೇಟ್‌ನಲ್ಲಿ, ವಿಕಿಪೀಡಿಯ ನಡೆಯುವ ತಂತ್ರಾಂಶ ಮೀಡಿಯಾವಿಕಿಗೆ ಟ್ರಾನ್ಸ್‌ಲೇಟ್‌ವಿಕಿಯಲ್ಲಿ. ನಾಲ್ಕೂ ಬೇರೆ ಬೇರೆ ತಂಡ, ಒಂದರಲ್ಲಿ ಅನುಮೋದಿಸುವ ಹಕ್ಕಿದ್ದವರಿಗೆ ಇನ್ನೊಂದರಲ್ಲಿ ಇರುವುದಿಲ್ಲ. ಆದ್ದರಿಂದ "ಕನ್ನಡ ತಂಡ ಒಪ್ಪಿದೆ" ಅಂತ ಎಲ್ಲೂ ಬರೆಯಬೇಡಿ, "ಗ್ನೋಮ್ ಕನ್ನಡ ತಂಡ" ಅಂತ ಪೂರ್ತಿ ಬರೆಯಿರಿ.

ಪಿಒ ಕಡತದ (ಮೂಲ ವಾಕ್ಯವೂ ಅನುವಾದವೂ ಜೊತೆಗಿರುವ ಕಡತ) ತಲೆಯಲ್ಲಿ ಎರಡು ಸಾಲು ಇರುತ್ತವೆ, ಕೊನೆಯ ಅನುವಾದಕರು ಮತ್ತು ಭಾಷಾ ತಂಡ. ನೀವು ಉಳಿಸಿದಾಗ ತಂತ್ರಾಂಶ ತಾನೇ ತುಂಬುತ್ತದೆ. ಪೊಎಡಿಟ್ ಎಂಬ ಅನುವಾದ ತಂತ್ರಾಂಶದಲ್ಲಿ ಹೆಸರು, ಇಮೇಲ್ ಎಲ್ಲ ಕಡತಕ್ಕೂ ಒಂದೇ. ಕಚೇರಿಯ ಇಮೇಲ್ ಕೊಟ್ಟಿದ್ದರೆ ಅದು ಜಗತ್ತಿನ ಎಲ್ಲ ಲಿನಕ್ಸ್ ವಿತರಣೆಗಳಿಗೂ ಹೋಗುತ್ತದೆ. ಲೋಕಲೈಝ್ ಎಂಬ ಇನ್ನೊಂದರಲ್ಲಿ ಯೋಜನೆಗೊಂದು ಕಡತ ಮಾಡಿ ಅಂಚೆಪಟ್ಟಿಯ ವಿಳಾಸವನ್ನು ಬೇರೆ ಬೇರೆ ಕೊಡಬಹುದು. ಎರಡು ಯೋಜನೆಗೆ ಕೆಲಸ ಮಾಡುವವರಿಗೆ ಅದೇ ಸರಿ. ಅದನ್ನು ಮಾಡದಿದ್ದಾಗಲೇ ಗ್ನೋಮ್ ಕಡತದಲ್ಲಿ ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ತಂಡದ ವಿಳಾಸ ಕಾಣುವುದು.

ಪದಗಳ ಬಗ್ಗೆಯೂ ಒಂದು ಮಾತು. ಒಂದು ಕಡೆ "ಕಡತ", ಇನ್ನೊಂದು ಕಡೆ "ಫೈಲ್" ಅಂತಿದ್ದರೆ, ಎರಡೂ ಕಡೆ ಇರುವ ಅನುವಾದಕರು ತಮಗಿಷ್ಟವಾದದ್ದನ್ನು ಸದ್ದಿಲ್ಲದೆ ಎರಡರಲ್ಲೂ ಸೇರಿಸುವುದು ಸರಿಯಲ್ಲ. ಪದಪಟ್ಟಿ ಹಂಚಿಕೊಳ್ಳಿ, ತೀರ್ಮಾನ ಆಯಾ ತಂಡದಲ್ಲೇ ಆಗಲಿ. ಅನುವಾದ ಸ್ಮೃತಿಯನ್ನೂ (ಹಿಂದೆ ಮಾಡಿದ ಅನುವಾದಗಳ ಸಂಗ್ರಹ) ಯೋಜನೆಗೊಂದರಂತೆ ಇಡಿ. ಮೊಝಿಲ್ಲಾದ ವಾಕ್ಯಗಳು ಎಂಪಿಎಲ್ 2.0 ಪರವಾನಗಿಯಲ್ಲಿವೆ, ಗ್ನೋಮ್‌ನವು ಬಹುಪಾಲು ಜಿಪಿಎಲ್ ಬಳಗದಲ್ಲಿ. "ಉಳಿಸು", "ರದ್ದುಮಾಡು" ಅಂಥ ಪದಗಳಿಗೆ ಯಾರ ಹಕ್ಕೂ ಇಲ್ಲ. ಸಹಾಯ ಪುಟದ ಇಡೀ ಪ್ಯಾರಾ ನಕಲಿಸುವುದು ಬೇರೆಯೇ ಮಾತು.

ಮೊಝಿಲ್ಲಾದ ಧ್ವನಿ ಸಂಗ್ರಹ ಯೋಜನೆ ಕಾಮನ್ ವಾಯ್ಸ್‌ಗೆ ವಾಕ್ಯ ಕೊಡುವವರಿಗೂ ಇದೇ. ಅಲ್ಲಿ ಸಿಸಿ ಝೀರೋ ಮಾತ್ರ. ಕನ್ನಡ ವಿಕಿಪೀಡಿಯದ ಲೇಖನವನ್ನು ಅಲ್ಲಿಗೆ ಅಂಟಿಸುವಂತಿಲ್ಲ, ಲೇಖನ ನೀವೇ ಬರೆದದ್ದಾದರೂ ನಡುವೆ ಬೇರೆಯವರ ತಿದ್ದುಪಡಿ ಇರುತ್ತದೆ. ವಾಕ್ಯಗಳನ್ನು ಹೊಸದಾಗಿ ಬರೆದು ಕೊಡಿ.

ಜಿಲ್ಲಾಕೇಂದ್ರ

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಇನ್ನು ಎರಡು ಉಳಿದವು. ಸಾರ್ವಜನಿಕ ವಿಷಯದಲ್ಲಿ ಒಂದು ಗುಂಪು ನಿಲುವು ತೆಗೆದುಕೊಂಡರೆ, ಎರಡೂ ಗುಂಪಿನಲ್ಲಿರುವವರು ಏನು ಮಾಡಬೇಕು? ಜಂಟಿ ಕಾರ್ಯಕ್ರಮದಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ದೂರು ಎಲ್ಲಿಗೆ ಕೊಡಬೇಕು?

ನಾಲ್ಕನೇಬಾಗಿಲು

ನಿಲುವಿನ ಪ್ರಶ್ನೆಗೆ ನೈಜ ಉದಾಹರಣೆ ನಮ್ಮ ದೇಶದಲ್ಲೇ ಇದೆ. 2015ರಲ್ಲಿ ಅಂತರಜಾಲ ತಟಸ್ಥತೆಯ ಚರ್ಚೆ ಜೋರಾಗಿತ್ತು. ಕೆಲವು ತಾಣಗಳಿಗೆ ಮಾತ್ರ ಡೇಟಾ ಪುಕ್ಕಟೆ ಕೊಡುವುದನ್ನು ಮುಕ್ತ ತಂತ್ರಾಂಶದವರು ವಿರೋಧಿಸಿದರು. ಅದೇ ಕಾಲಕ್ಕೆ ವಿಕಿಮೀಡಿಯ ಫೌಂಡೇಶನ್ "ವಿಕಿಪೀಡಿಯ ಝೀರೋ" ಎಂಬ ಯೋಜನೆ ನಡೆಸುತ್ತಿತ್ತು, ಅದೂ ವಿಕಿಪೀಡಿಯವನ್ನು ಡೇಟಾ ಶುಲ್ಕವಿಲ್ಲದೆ ಕೊಡುವುದೇ. 2016ರ ಫೆಬ್ರವರಿ 8ರಂದು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ಅಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ವಿಕಿಪೀಡಿಯ ಝೀರೋ 2018ರಲ್ಲಿ ನಿಂತಿತು. ಆ ದಿನಗಳಲ್ಲಿ ಎರಡೂ ಕಡೆ ಇದ್ದವರು ಮನವಿಪತ್ರಕ್ಕೆ ಯಾವ ಹೆಸರಲ್ಲಿ ಸಹಿ ಹಾಕಬೇಕು? ಗುಂಪಿನ ಹೆಸರು ಬರೆದರೆ ಇನ್ನೊಂದು ಗುಂಪಿಗೆ ತನ್ನದೇ ಸದಸ್ಯರಿಂದ ಪೆಟ್ಟು. ಬರೆಯದಿದ್ದರೂ ಊರಿನವರಿಗೆ ಅವರು "ವಿಕಿಯವರು" ಎಂದೇ ಗೊತ್ತು.

ಯಕ್ಷಗಾನದಲ್ಲಿ ಒಂದೇ ರಾತ್ರಿ ಎರಡು ವೇಷ ಮಾಡುವವರು ಚೌಕಿಗೆ ಹೋಗಿ ಬಣ್ಣ ಬದಲಿಸಿ ಬರುತ್ತಾರೆ, ರಂಗದ ಮೇಲೆ ನಿಂತು ಕಿರೀಟ ಬದಲಿಸುವುದಿಲ್ಲ. ಇಲ್ಲಿಯೂ ಮಾತಾಡುವ ಮೊದಲೇ ಹೇಳಬೇಕು. ಮಾತಾಡಿದ ಮೇಲೆ "ಅದು ನನ್ನ ವೈಯಕ್ತಿಕ ಅಭಿಪ್ರಾಯ" ಅಂದರೆ ಯಾರೂ ಕೇಳುವುದಿಲ್ಲ. ಮನವಿಪತ್ರದಲ್ಲಿ ಹೆಸರಿನ ಮುಂದೆ ಗುಂಪಿನ ಹೆಸರು ಬರೆಯಬೇಕಾದರೆ ಆ ಗುಂಪಿನ ಅಂಚೆಪಟ್ಟಿಯಲ್ಲಿ ಕರಡು ಹಾಕಿ 72 ಗಂಟೆ ಕಾಯಿರಿ. ಬರೀ ಟೆಲಿಗ್ರಾಂನಲ್ಲಿ ಹೆಬ್ಬೆರಳು ಎತ್ತಿಸಿಕೊಂಡರೆ ಸಾಲದು, ಮೂರು ದಿನ ಬಿಟ್ಟು ಹುಡುಕಿದರೆ ಸಿಗುವುದಿಲ್ಲ. ಇನ್ನೊಂದು ಗುಂಪಿನ ಪದಾಧಿಕಾರಿಯೂ ಆಗಿರುವವರು ಚರ್ಚೆಯಲ್ಲಿ ಅದನ್ನು ಮೊದಲ ಸಾಲಿನಲ್ಲೇ ಬರೆದು, ಮತದಾನದಿಂದ ಹೊರಗಿರುವುದು ಒಳ್ಳೆಯದು. ವಿಕಿಪೀಡಿಯದಲ್ಲಿ ದುಡ್ಡು ಪಡೆದು ಸಂಪಾದಿಸುವವರು ಯಾರಿಂದ, ಯಾರಿಗಾಗಿ ಎಂದು ಬಹಿರಂಗಪಡಿಸುವುದು 2014ರಿಂದ ಬಳಕೆಯ ಷರತ್ತಿನಲ್ಲೇ ಇದೆ. ದುಡ್ಡಿಲ್ಲದ ಕಡೆಯೂ ಅದೇ ಶಿಸ್ತು ಪಾಲಿಸಲು ಅಡ್ಡಿಯೇನಿಲ್ಲ.

ದೂರಿನ ಬಗ್ಗೆ: ಆಯೋಜಕ ಗುಂಪು ಯಾವುದೋ ಅದರ ನೀತಿಸಂಹಿತೆಯೇ ಆ ದಿನಕ್ಕೆ ಅನ್ವಯ. ವಿಕಿ ಕಾರ್ಯಕ್ರಮವಾದರೆ ವಿಕಿಮೀಡಿಯದ ಸಾರ್ವತ್ರಿಕ ನೀತಿಸಂಹಿತೆ. ನೋಂದಣಿ ಫಾರಂನಲ್ಲೂ ಸಭಾಂಗಣದ ಬಾಗಿಲಲ್ಲೂ ಇಬ್ಬರ ಹೆಸರು, ಫೋನ್ ಹಾಕಿ, ಅವರಲ್ಲಿ ಒಬ್ಬರಾದರೂ ಮಹಿಳೆ ಇರಲಿ. ಇಬ್ಬರೂ ಅದೇ ಸಮಿತಿಯಲ್ಲಿ ಜೊತೆಯಾಗಿ ಕೂರುವವರು ಆಗಬಾರದು. ದೂರು ಆ ಸಮಿತಿಯವರ ಮೇಲೆಯೇ ಬಂದರೆ ಕೇಳುವವರು ಯಾರೂ ಉಳಿಯುವುದಿಲ್ಲ. ಹತ್ತೇ ಜನ ಇರುವ ಊರಿನಲ್ಲಿ ಇದು ಕಷ್ಟ. ಹಾಗಿದ್ದಾಗ ಪಕ್ಕದ ಜಿಲ್ಲೆಯ ಗುಂಪಿನ ಒಬ್ಬರನ್ನು ಒಪ್ಪಿಸಿ ಅವರ ಸಂಖ್ಯೆ ಕೊಡಿ. ಒಂದು ಗುಂಪು ಯಾರನ್ನಾದರೂ ಹೊರಗಿಟ್ಟರೆ ಉಳಿದ ಗುಂಪುಗಳಲ್ಲೂ ತಾನಾಗಿಯೇ ಹೊರಗೆ ಎಂದಾಗಬಾರದು, ಪ್ರತಿಯೊಂದೂ ತನ್ನ ಕಾರಣ ಬರೆದು ತನ್ನದೇ ತೀರ್ಮಾನ ಮಾಡಲಿ.

ನಕ್ಷೆಮೇಜು

ಸದಸ್ಯರ ಪಟ್ಟಿಯ ಬಗ್ಗೆ ಚಿಕ್ಕದಾಗಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು, ಒಪ್ಪಿಗೆ ಕೊಟ್ಟ ಉದ್ದೇಶಕ್ಕೆ ಮಾತ್ರ ಮಾಹಿತಿ ಬಳಸಬೇಕು ಎನ್ನುವುದು. ವಿಕಿ ಕಾರ್ಯಾಗಾರಕ್ಕೆ ಕೊಟ್ಟ ಫೋನ್ ನಂಬರನ್ನು ಲಿನಕ್ಸ್ ಗುಂಪಿನ ವಾಟ್ಸಾಪ್‌ಗೆ ಸೇರಿಸುವಂತಿಲ್ಲ. ಫಾರಂನ ಕೊನೆಗೆ ಮೂರು ಗುಂಪಿಗೆ ಮೂರು ಚೌಕ ಇಡಿ, ಮೂರೂ ಖಾಲಿ ಇರಲಿ, ಬೇಕಾದವರು ಗುರುತು ಹಾಕಲಿ. ಗುರುತು ಹಾಕಿದ ಸಾಲುಗಳನ್ನಷ್ಟೇ ಬೇರೆ ಹಾಳೆಗೆ ನಕಲಿಸಿ ಆ ಗುಂಪಿಗೆ ಕೊಡಿ. ಮೂಲ ಹಾಳೆಯ ಕೊಂಡಿ ಹಂಚಬೇಡಿ. ವಿದ್ಯಾರ್ಥಿಗಳು 18ರ ಕೆಳಗಿನವರಾದರೆ ಫೋನ್ ನಂಬರ್ ಕೇಳುವುದೇ ಬೇಡ, ಅಧ್ಯಾಪಕರ ಮೂಲಕ ವಿಷಯ ತಲುಪಿಸಿ.

ಸಣ್ಣಊರು

ಒಪ್ಪಿದೆ. ಹೆಚ್ಚಿನ ಕಡೆ ಮೂರೂ ಬೆರೆತ ಒಂದೇ ಟೆಲಿಗ್ರಾಂ ಗುಂಪು ಇರುತ್ತದೆ, ನಾನೂರು ಐನೂರು ಜನ. ಅದನ್ನು ಒಡೆದರೆ ಅರ್ಧ ಜನ ಕಳೆದುಹೋಗುತ್ತಾರೆ. ಅದಕ್ಕೆ ಏನು ಮಾಡಬಹುದು?

ಸರ್ವರ್‌ಕೋಣೆ

@ಸಣ್ಣಊರು ಒಡೆಯಬೇಡಿ. ಅದು ಅಂಗಳ, ಹಾಗೇ ಇರಲಿ. ಹೆಸರು ಮಾತ್ರ ಬದಲಿಸಿ, ಮೂರರಲ್ಲಿ ಯಾವುದರ ಹೆಸರೂ ಬೇಡ, ಊರಿನ ಹೆಸರು ಮತ್ತು "ಹರಟೆ" ಅಂತಿದ್ದರೆ ಸಾಕು. ಟಾಪಿಕ್ಸ್ ಆಯ್ಕೆ ಒತ್ತಿದರೆ ಒಳಗೇ ವಿಕಿ, ನಕ್ಷೆ, ಲಿನಕ್ಸ್ ಎಂದು ವಿಷಯವಾರು ವಿಭಾಗ ಆಗುತ್ತದೆ. ಗುಂಪಿನ ವಿವರಣೆಯಲ್ಲಿ "ಇದು ಯಾವ ಗುಂಪಿನ ಅಧಿಕೃತ ತಾಣವೂ ಅಲ್ಲ" ಎಂಬ ಸಾಲು ಇರಲಿ.

ಅಧಿಕೃತ ಪ್ರಕಟಣೆಗೆ ಮೂರು ಚಾನೆಲ್ ಮಾಡಿ. ಪ್ರಕಟಣೆ ಮೊದಲು ಚಾನೆಲ್‌ನಲ್ಲಿ, ಅಲ್ಲಿಂದ ಹರಟೆಗೆ ಫಾರ್ವರ್ಡ್. ನಕಲಿಸಿ ಅಂಟಿಸಬೇಡಿ. ಟೆಲಿಗ್ರಾಂನಲ್ಲಿ ಫಾರ್ವರ್ಡ್ ಮಾಡಿದರೆ ಮೂಲ ಚಾನೆಲಿನ ಹೆಸರು ಮೇಲೆಯೇ ಉಳಿಯುತ್ತದೆ. ವಾಟ್ಸಾಪ್ ಗುಂಪಿನಿಂದ ಗುಂಪಿಗೆ ಕಳಿಸಿದರೆ ಉಳಿಯುವುದಿಲ್ಲ, ಅಲ್ಲಿ ಸಂದೇಶದ ಮೊದಲ ಪದವೇ ಗುಂಪಿನ ಹೆಸರಾಗಿರಬೇಕು. ಚಾನೆಲ್‌ನಲ್ಲಿ ಬರೆದವರ ಸಹಿ ಕಾಣುವ ಆಯ್ಕೆ ಒತ್ತಿ. ಹರಟೆ ಗುಂಪಿನ ಅಡ್ಮಿನ್‌ಗಳು ಅನಾಮಧೇಯ ಆಯ್ಕೆಯನ್ನು ತೆಗೆಯಲಿ. ಅದು ಇದ್ದರೆ ಒಬ್ಬರ ಮಾತು ಇಡೀ ಗುಂಪಿನ ಹೆಸರಲ್ಲಿ ಕಾಣುತ್ತದೆ.

ವಾಟ್ಸಾಪ್‌ನಲ್ಲಿ ಒಬ್ಬರೇ ಅಡ್ಮಿನ್ ಇದ್ದು ಅವರು ಹೊರನಡೆದರೆ ಇರುವವರಲ್ಲಿ ಯಾರೋ ಒಬ್ಬರು ತಾನಾಗಿ ಅಡ್ಮಿನ್ ಆಗುತ್ತಾರೆ, ಆದ್ದರಿಂದ ಇಬ್ಬರು ಇರಲಿ. ಟೆಲಿಗ್ರಾಂನಲ್ಲಿ ಒಡೆತನ ಹಸ್ತಾಂತರಿಸಬಹುದು, ಆದರೆ ಈಗಿನ ಒಡೆಯರ ಖಾತೆಯಲ್ಲಿ ಎರಡು ಹಂತದ ಪರಿಶೀಲನೆಯ ಪಾಸ್‌ವರ್ಡ್ ಹಾಕಿ ಏಳು ದಿನ ಕಳೆದಿರಬೇಕು. ಹಸ್ತಾಂತರಕ್ಕೆ ಸಭೆಯ ದಿನ ಗೊತ್ತು ಮಾಡುವುದಾದರೆ ಆ ಪಾಸ್‌ವರ್ಡನ್ನು ಈ ವಾರವೇ ಹಾಕಿಸಿಬಿಡಿ.